ಕರಣಿಕ ದೇಪಯ್ಯನ ಬೀಗ

ಕಂದೂರಿನ ಕರಣಿಕ ದೇಪಯ್ಯನಿಗೆ ಬುದ್ಧಿ ಚಿಕ್ಕದು, ಬೀಗ ದೊಡ್ಡದು. ರಾಜ್ಯದ ಓಲೆಗಳೆಲ್ಲ ಅವನ ಕೋಣೆಯಲ್ಲಿ, ಕೀಲಿ ಅವನ ಸೊಂಟದಲ್ಲಿ.

"ನನ್ನ ಬೀಗ ಇರುವ ತನಕ ಪ್ರಭುಗಳ ಮಾತಿಗೆ ಅಳಿವಿಲ್ಲ!" ಎಂದು ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡ.

ಆಸ್ಥಾನದ ಜಾಣ ತಿಪ್ಪರಸ ನಕ್ಕ. "ಒಂದೇ ಕೋಣೆ, ಒಂದೇ ಕೀಲಿ, ಒಬ್ಬನೇ ದೇಪಯ್ಯ. ನನಗಂತೂ ಭಯವಾಗುತ್ತದೆ."

"ಹಾಗಾದರೆ ನೀನೇ ಕಾಪಾಡು! ಓಲೆ ಇಲ್ಲದೆ, ಕೋಣೆ ಇಲ್ಲದೆ, ಬೀಗ ಇಲ್ಲದೆ!"

ಅರಸನಿಗೆ ಮೋಜೆನಿಸಿತು. ಅಂದು ಹೊರಡಿಸಿದ ಹಿರೇಕೆರೆ ನೀರಿನ ಅಪ್ಪಣೆಯನ್ನು ಇಬ್ಬರಿಗೂ ಹೇಳಿ, "ಬೇಸಿಗೆಯಲ್ಲಿ ಕೇಳುತ್ತೇನೆ. ತಪ್ಪಿದವನ ಕೆಲಸ ಹೋಯಿತು" ಎಂದ.

ಬೇಸಿಗೆ ಬಂತು. ಕೆರೆಯ ನೀರೆಲ್ಲ ದೇಪಯ್ಯನ ಭಾವಮೈದುನನ ಕಬ್ಬಿನ ತೋಟಕ್ಕೆ ಹರಿಯಿತು. ಕೆಳಗಿನ ಗದ್ದೆಯ ಪೈರು ಒಣಗತೊಡಗಿತು, ದನಗಳು ನೀರಿಲ್ಲದೆ ಬಳಲಿದವು. ಜನ ಅರಮನೆಗೆ ಬಂದು ಗೋಳಿಟ್ಟರು.

ದೇಪಯ್ಯ ಓಲೆ ತೆಗೆದು ಓದಿದ: "ಮೇಲಿನ ಗದ್ದೆ ತುಂಬಿದರೆ ಕಬ್ಬಿನ ತೋಟಕ್ಕೆ."

"ಹಾಗೆ ಹೇಳಿದ್ದೆನೇ?" ಅರಸ ತಲೆ ಕೆರೆದುಕೊಂಡ. ಹೇಳಿದ್ದನ್ನು ನೆನಪಿಟ್ಟುಕೊಂಡರೆ ಅವನು ಅರಸನೇ ಅಲ್ಲ!

ತಿಪ್ಪರಸ ಎದ್ದು ನಿಂತ. "ಪ್ರಭು, ಅಪ್ಪಣೆಯ ಒಂದೊಂದು ಸಾಲನ್ನೂ ನಾಲ್ಕು ಊರಿನ ನಾಲ್ವರಿಗೆ ಬಾಯಿಪಾಠ ಮಾಡಿಸಿದ್ದೇನೆ. ಒಂದು ಸಾಲು ಎಲ್ಲಿ ಮುಗಿಯುತ್ತದೋ ಮುಂದಿನದು ಅಲ್ಲಿಂದಲೇ ಶುರು. ಎಲ್ಲರೂ ಹೊರಗಿದ್ದಾರೆ. ಬೇಕಾದವರನ್ನು ನೀವೇ ಕರೆಯಿರಿ."

ದೇಪಯ್ಯ ಒಳಗೊಳಗೇ ನಕ್ಕ. ಒಂದು ಶಾಲು ಕೊಟ್ಟು ಅವರಲ್ಲೊಬ್ಬ ಕುಂಬಾರನನ್ನು ಆಗಲೇ ಬುಟ್ಟಿಗೆ ಹಾಕಿಕೊಂಡಿದ್ದ.

ಅರಸ ಮೊದಲು ಒಬ್ಬ ಗಾಣಿಗನನ್ನು ಕರೆದ.

"ಮೊದಲ ನೀರು ಮೇಲಿನ ಗದ್ದೆಗೆ."

ಎರಡನೆಯ ಸಾಲಿಗೆ ಕರೆದದ್ದು ಅದೇ ಕುಂಬಾರನನ್ನು. ಅವನು ನೆಲ ನೋಡುತ್ತ ಹೇಳಿದ: "ಮೇಲಿನ ಗದ್ದೆ ತುಂಬಿದರೆ ಕಬ್ಬಿನ ತೋಟಕ್ಕೆ."

ದೇಪಯ್ಯ ಮೀಸೆ ತಿರುವಿದ.

ಮೂರನೆಯವಳು ಸೂಲಗಿತ್ತಿ ಹೊನ್ನವ್ವ. "ಕೆಳಗಿನ ಗದ್ದೆ ತುಂಬಿದರೆ ದನದ ಕಟ್ಟೆಗೆ" ಎಂದವಳೇ ಕುಂಬಾರನತ್ತ ತಿರುಗಿದಳು. "ಏನಪ್ಪಾ, ನನ್ನ ಸಾಲು ಕೆಳಗಿನ ಗದ್ದೆಯಿಂದ ಶುರುವಾಗ್ತದೆ. ನಡುವೆ ನಿನ್ನ ಕಬ್ಬು ಎಲ್ಲಿಂದ ಮೊಳೀತು?"

ಅರಸ ಎರಡನೆಯ ಸಾಲಿನ ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ಕರೆಸಿದ. ಮೂವರೂ ಹೇಳಿದ್ದು ಒಂದೇ: "ಮೇಲಿನ ಗದ್ದೆ ತುಂಬಿದರೆ ಕೆಳಗಿನ ಗದ್ದೆಗೆ."

ಕುಂಬಾರ ಶಾಲನ್ನು ದೇಪಯ್ಯನ ಕಾಲ ಬಳಿ ಎಸೆದ. "ತಗೊಳ್ಳಿ ಸ್ವಾಮೀ. ಸೆಕೆ ಆಗ್ತಿದೆ."

"ಕೆಳಗಿನ ಗದ್ದೆಗೆ ಈಗಲೇ ನೀರು ಬಿಡಿ! ಈ ಕತ್ತೆಯನ್ನು ಹೊರಗೆ ಹಾಕಿ!" ಎಂದು ಅರಸ ಗುಡುಗಿದ. ಆಮೇಲೆ ಓಲೆ ಕೋಣೆಯ ಬೀಗವನ್ನು ತರಿಸಿ ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲ ತಿಪ್ಪರಸ, ಇಷ್ಟು ಗಟ್ಟಿ ಬೀಗ. ಆದರೂ ಕಳ್ಳ ಒಳಗೆ ಹೇಗೆ ನುಗ್ಗಿದ?"

"ನುಗ್ಗಲಿಲ್ಲ ಪ್ರಭು. ಕೀಲಿ ಕೊಟ್ಟು ನೀವೇ ಕೂರಿಸಿದ್ದಿರಿ."