ಸದ್ದಿಲ್ಲದೆ ಕೂತ ಗುಂಡು

“ಗುರುಗಳೇ, ನನ್ನನ್ನು ನಂಬಿ ಬಂದವರಿಗೆ ನಾನು ಒಂದು ದಿನವೂ ಕಟುಮಾತು ಆಡಲಿಲ್ಲ. ಆದರೂ ಅವರೆಲ್ಲ ಏಕೆ ಕೈತಪ್ಪಿ ಹೋದರು?”

ಕೇಳಿದವನು ಗುರುಪಾದ. ಬೆಟ್ಟದಾಚೆಯ ಚಿಕ್ಕ ಮಠವೊಂದನ್ನು ನೋಡಿಕೊಳ್ಳಲು ಗುರುಗಳು ಅವನನ್ನು ಕಳುಹಿಸಿದ್ದರು. ಕುಡಿದು ಮನೆ ಹಾಳು ಮಾಡಿಕೊಂಡವರು ಕುಡಿತ ಬಿಡಬೇಕೆಂದು ಅಲ್ಲಿಗೆ ಬಂದು ಉಳಿಯುತ್ತಿದ್ದರು. ಈಗ ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಉಳಿದಿದ್ದ ಹೊನ್ನೂರಪ್ಪನನ್ನು ಮೊನ್ನೆ ಮಣ್ಣು ಮಾಡಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ತಂದು ಗುರುಗಳ ಮುಂದೆ ಇಟ್ಟಿದ್ದ. ಅದು ಇಬ್ಬರ ನಡುವೆ ಚಾಪೆಯ ಮೇಲೆ ಬಿದ್ದಿತ್ತು. ಗುರುಗಳು ಅದನ್ನು ಮುಟ್ಟಲಿಲ್ಲ.

“ನಿನಗೆ ಬೇಕಾದದ್ದು ಉತ್ತರವೋ, ಸಮಾಧಾನವೋ?”

“ಉತ್ತರ” ಎಂದ ಗುರುಪಾದ. ಅವನಿಗೆ ಬೇಕಾಗಿದ್ದದ್ದು ಸಮಾಧಾನ. ಅದು ಗುರುಗಳಿಗೂ ತಿಳಿದಿತ್ತು. ಅವರು ಗೋಡೆಗೆ ಒರಗಿ ಕೂತು ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಬೆಟ್ಟದ ಮೇಲಿನ ಊರು, ಮನೆಯ ಹಿಂದೆ ಹೊಂಗೆಮರಗಳ ತೋಪು, ಮರಗಳ ಕೆಳಗೆ ಜೇನುಪೆಟ್ಟಿಗೆಗಳು. ಆ ಪೆಟ್ಟಿಗೆಗಳಲ್ಲಿದ್ದದ್ದೆಲ್ಲ ಒಂದೇ ವಂಶ. ಮದುವೆಯಾಗಿ ಬಂದ ವರ್ಷ ಅವನ ಹೆಂಡತಿ ಹುಣಸೆಯ ಕೊಂಬೆಗೆ ಬಂದು ಕೂತಿದ್ದ ಒಂದು ಹಿಂಡನ್ನು ಮಡಕೆಗೆ ಇಳಿಸಿಕೊಂಡಿದ್ದಳು. ಆ ಹಿಂಡಿನ ರಾಣಿಯ ಮಗಳು, ಆ ಮಗಳ ಮಗಳು, ಹೀಗೆ ಒಂದು ಗೂಡು ಎರಡಾಗಿ, ಎರಡು ನಾಲ್ಕಾಗಿ ತೋಪು ತುಂಬಿತು. ಅವರಿಗೆ ಮಕ್ಕಳಾಗಲಿಲ್ಲ. ಜೇನುಗೂಡಿನಲ್ಲಿ ದುಡಿಯುವ ಹುಳುಗಳೆಲ್ಲ ಹೆಣ್ಣೇ. ಹೆಂಡತಿ ಅವನ್ನು ನಮ್ಮ ಹೆಣ್ಣುಮಕ್ಕಳು ಎನ್ನುತ್ತಿದ್ದಳು.

ಆ ಹೆಂಗಸಿನ ಕೈ ಒರಟು. ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿ ಕೂರಲೆಂದು ಮುಷ್ಟಿ ಕಟ್ಟಿ ಗುದ್ದುತ್ತಿದ್ದಳು. ಒಳಗಿನ ಹುಳುಗಳು ಒಮ್ಮೆಗೇ ಮೊರೆಯುತ್ತಿದ್ದವು. ಅವಳು ಬಾಯಲ್ಲಿನ ಎಲೆಯಡಿಕೆ ಉಗುಳಿ ಬರುವಷ್ಟರಲ್ಲಿ ಸುಮ್ಮನಾಗುತ್ತಿದ್ದವು. ಗಂಡ ರೇಗಿದರೆ ನಕ್ಕು ಮುಂದಿನ ಪೆಟ್ಟಿಗೆಗೆ ಹೋಗುತ್ತಿದ್ದಳು.

ಒಂದು ಮಳೆಗಾಲ ಜ್ವರ ಬಂದು ಅವಳು ಸತ್ತಳು. ಕತೆಗಳಲ್ಲಿ ಸಾಯುವವರು ಏನಾದರೊಂದು ದೊಡ್ಡ ಮಾತು ಹೇಳಿಯೇ ಸಾಯುತ್ತಾರೆ. ಅವಳು ನೀರು ಕೇಳಿದಳು, ಕುಡಿದಳು, ಹೋದಳು.

ಅಂದಿನಿಂದ ಅವನು ಮೆತ್ತಗಾದ. ಅವಳು ಬಿಟ್ಟುಹೋದದ್ದು ಆ ಜೇನೊಂದೇ ತಾನೇ? ಅದನ್ನು ಅಂಗೈಯಲ್ಲಿಟ್ಟು ಸಾಕಿದ. ಪೆಟ್ಟಿಗೆಗಳ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದ. ಕೆಮ್ಮು ಬಂದರೆ ತೋಪಿನಿಂದಾಚೆ ಹೋಗಿ ಕೆಮ್ಮಿ ಬರುತ್ತಿದ್ದ. ಆ ಮನೆಯಲ್ಲಿ ಒನಕೆಗೂ ಮೌನವ್ರತ ಎಂದು ಊರವರು ಆಡಿಕೊಂಡರು. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಜೇನಿನ ಮುಂದೆ ಏನನ್ನೂ ಬಡಿಯಬಾರದು, ಕುಟ್ಟಬಾರದು ಎಂಬುದು ಜೇನು ಸಾಕುವವರೆಲ್ಲರೂ ಹೇಳುವ ಮಾತೇ. ಉಳಿದವರಿಗೆ ಅದು ಕೆಲಸದ ಮಾತು. ಅವನಿಗೆ ಅದು ದೇವರ ಮಾತಾಯಿತು.

ಹೊಂಗೆಯ ಹೂ ಮುಗಿಯಿತು. ಬೆಟ್ಟದ ಕೆಳಗಿನ ಬಯಲಲ್ಲಿ ಸೂರ್ಯಕಾಂತಿ ಅರಳುವ ಕಾಲ ಬಂತು. ಹೂವಿದ್ದಲ್ಲಿಗೆ ಜೇನನ್ನು ಒಯ್ಯದಿದ್ದರೆ ಅದು ಹಸಿದು ಸಾಯುತ್ತದೆ. ಹಿಂದೆಲ್ಲ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಎತ್ತೂ ಇರಲಿಲ್ಲ, ಗಾಡಿಗೆ ಹೆಗಲು ಕೊಡುತ್ತಿದ್ದ ಹೆಂಡತಿಯೂ ಇರಲಿಲ್ಲ. ಒಂದು ಹಳೆಯ ಜೀಪಿತ್ತು. ಅದರ ಹಿಂದೆ ಕಟ್ಟಲು ಎರಡು ಗಾಲಿಯ ಟ್ರೇಲರ್ ತಂದ.

ಅದನ್ನು ಜೀಪಿಗೆ ಸೇರಿಸುವ ಬಗೆ ನೀನೂ ನೋಡಿರುತ್ತೀಯೆ. ಜೀಪಿನ ಹಿಂಬದಿಯಲ್ಲಿ ಒಂದು ಕಬ್ಬಿಣದ ಗುಂಡು. ಟ್ರೇಲರಿನಿಂದ ಮುಂದಕ್ಕೆ ಚಾಚಿದ ಮೂಕಿಯ ತುದಿಯಲ್ಲಿ ಕವುಚಿದ ಒಂದು ಕಬ್ಬಿಣದ ಬಟ್ಟಲು. ಬಟ್ಟಲು ಗುಂಡಿನ ಮೇಲೆ ಕೂರಬೇಕು, ಕೂತ ಮೇಲೆ ಚಿಲಕ ಬಿದ್ದು ಗುಂಡನ್ನು ಕೆಳಗಿನಿಂದ ಹಿಡಿಯಬೇಕು. ಹೊತ್ತ ಭಾರವೆಲ್ಲ ಆ ಒಂದು ಹಿಡಿತವನ್ನು ನಂಬಿ ಹಿಂದೆ ಬರುತ್ತದೆ. ಬಟ್ಟಲಿನ ಮೇಲೆ ಅದರ ಅಳತೆ ಕೊರೆದಿರುತ್ತದೆ, ಗುಂಡಿನ ನೆತ್ತಿಯ ಮೇಲೂ ಕೊರೆದಿರುತ್ತದೆ. ಎರಡೂ ಒಂದೇ ಆಗಿರಬೇಕು. ಇದರಲ್ಲಿ ವೇದಾಂತವೇನೂ ಇಲ್ಲ.

ಅಂಗಡಿಯವನು ಅಳತೆ ನೋಡಿ ಸರಿಯಾದ ಗುಂಡನ್ನೇ ಕೊಟ್ಟಿದ್ದ. ಇವನು ಅದನ್ನು ಜೀಪಿಗೆ ಕೂರಿಸಿದ. ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲು ಮುಚ್ಚಿ ಟ್ರೇಲರಿಗೆ ಏರಿಸಿದ. ಬೆಳಗಿನ ತಂಪಿನಲ್ಲಿ ಹೊರಡುವುದು ಪದ್ಧತಿ. ಬೆಳಗ್ಗೆ ಜೀಪನ್ನು ಹಿಂದಕ್ಕೆ ತಂದು ಬಟ್ಟಲನ್ನು ಗುಂಡಿನ ಮೇಲೆ ಇಳಿಸಿದ. ಕಬ್ಬಿಣ ಎರಡೂ ಹೊಸದು. ಬಟ್ಟಲು ಅರ್ಧಕ್ಕೆ ನಿಂತಿತು. ಮೂಕಿಯ ಮೇಲೆ ಹತ್ತಿ ತುಳಿದ. ಸ್ವಲ್ಪ ಇಳಿಯಿತು. ಚಿಲಕ ಮಾತ್ರ ಬೀಳಲಿಲ್ಲ. ಸುತ್ತಿಗೆ ತೆಗೆದುಕೊಂಡು ಒಂದು ಏಟು ಹಾಕಿದ.

ಪೆಟ್ಟಿಗೆಗಳೆಲ್ಲ ಒಟ್ಟಿಗೆ ಮೊರೆದವು.

ಅವನ ಕೈಯಿಂದ ಸುತ್ತಿಗೆ ಜಾರಿತು. ಹೆಂಡತಿಯ ಹೆಣ ಅಂಗಳದಲ್ಲಿದ್ದ ದಿನ ಮನೆಯಲ್ಲಿ ಎದ್ದ ಅಳುವಿನ ಸದ್ದು ಹಾಗೆಯೇ ಇತ್ತು. ಇನ್ನೊಂದು ಏಟು ಬಿದ್ದಿದ್ದರೆ ಚಿಲಕ ಬೀಳುತ್ತಿತ್ತು. ಅವನಿಂದ ಆಗಲಿಲ್ಲ. ಪೆಟ್ಟಿಗೆಗಳನ್ನು ಮತ್ತೆ ಮರದ ಕೆಳಗೆ ಇಳಿಸಿ, ಬಾಗಿಲು ತೆರೆದು, ಗುಂಡನ್ನು ಬಿಚ್ಚಿಕೊಂಡು ಅಂಗಡಿಗೆ ಹೋದ.

“ಇದಕ್ಕಿಂತ ಒಂದು ಚೂರು ಸಣ್ಣದು ಕೊಡಿ” ಎಂದ.

“ಯಾಕಣ್ಣಾ, ಅಳತೆ ಸರಿಯಾಗೇ ಇದೆಯಲ್ಲ?”

“ಹೊಡೀದೆ ಕೂರಲ್ಲ. ನನ್ನ ಜೇನು ನಡುಗ್ತವೆ.”

“ನಡುಗಿದ್ರೆ ಸುಧಾರಿಸ್ಕೋತವೆ ಬಿಡಿ. ಸಣ್ಣದು ಸಲೀಸಾಗಿ ಕೂರುತ್ತೆ, ಅಷ್ಟೇ ಸಲೀಸಾಗಿ ಏಳುತ್ತೆ. ಬೇಡ.”

ಇವನು ಅಂಗಡಿಯ ಮೆಟ್ಟಿಲು ಇಳಿಯಲಿಲ್ಲ. ದೀನನಾಗಿ ನಿಂತೇ ಇದ್ದ. ದೀನನಾಗಿ ನಿಂತವನ ಹಟಕ್ಕೆ ಎದುರಿಲ್ಲ. ಅಂಗಡಿಯವನು ಗೊಣಗಿಕೊಂಡು ಸಣ್ಣ ಗುಂಡು ಕೊಟ್ಟ. ನಟ್ಟನ್ನು ಮೈಭಾರ ಬಿಟ್ಟು ಬಿಗಿಯಬೇಕು, ಒಂದು ಸಲ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು, ಏನೇ ಆದರೂ ಸರಪಳಿ ಹಾಕುವುದನ್ನು ಮರೆಯಬಾರದು ಎಂದೂ ಹೇಳಿದ. ಕೊಂಡಿ ಬಿಟ್ಟರೂ ಟ್ರೇಲರ್ ದಾರಿ ತಪ್ಪದಂತೆ ತಡೆಯುವುದು ಆ ಸರಪಳಿ.

ಇವನು ಸೋಮಾರಿಯಲ್ಲ. ಅದನ್ನು ತಿಳಿದುಕೋ. ಜೀಪನ್ನು ತೋಪಿನಿಂದ ದೂರ ಒಯ್ದು, ಗುಂಡಿನ ಕಾಲನ್ನು ತೂತಿಗೆ ಇಳಿಸಿ, ವಾಷರ್ ಹಾಕಿ, ಪಾನಾ ಹಿಡಿದು ಮೈಭಾರವನ್ನೆಲ್ಲ ಬಿಟ್ಟು ನಟ್ಟು ಬಿಗಿದ. ಒಮ್ಮೆ ಓಡಿಸಿ ಬಂದು ಮತ್ತೆ ಬಿಗಿದ. ಆನೆ ಎಳೆದರೂ ಆ ಗುಂಡು ಅಲ್ಲಾಡುತ್ತಿರಲಿಲ್ಲ. ತಪ್ಪು ಗುಂಡನ್ನು ಅಷ್ಟು ಭದ್ರವಾಗಿ ಕೂರಿಸಿದವನನ್ನು ನಾನು ಬೇರೆ ಕಂಡಿಲ್ಲ. ಗ್ರೀಸಿನ ವಾಸನೆ ಹುಳುಗಳಿಗೆ ಆಗುವುದಿಲ್ಲವೆಂದು ಗುಂಡಿಗೆ ಜೇನುಮೇಣ ಸವರಿದ.

ಈ ಸಲ ಬಟ್ಟಲು ಇಳಿದದ್ದೇ ತಿಳಿಯಲಿಲ್ಲ. ಚಿಲಕ ಒಂದು ಬೆರಳಿಗೆ ಬಿತ್ತು. ಮರದ ಕೆಳಗಿನ ಪೆಟ್ಟಿಗೆಗಳಲ್ಲಿ ಒಂದು ಹುಳವೂ ಮೊರೆಯಲಿಲ್ಲ. ಸರಪಳಿಯನ್ನು ಜೀಪಿಗೆ ಸಿಕ್ಕಿಸಿದಾಗ ಅದು ಝಣಝಣ ಎಂದಿತು. ಅವನು ಒಳಗೆ ಹೋಗಿ ಹೆಂಡತಿಯ ಹಳೆಯ ಸೀರೆ ತಂದ. ಸರಪಳಿಯನ್ನು ಜೀಪಿನಿಂದ ಬಿಡಿಸಿ, ಸೀರೆಯಲ್ಲಿ ಸುತ್ತಿ, ಟ್ರೇಲರಿನ ಮೂಕಿಗೇ ಕಟ್ಟಿದ. ಸದ್ದು ನಿಂತಿತು. ಸೀರೆ ಉಡಿಸಿ ಮಲಗಿಸಿದ ಹಾಗಿತ್ತು.

ಮೊದಲು ಒಂದೆರಡು ಪೆಟ್ಟಿಗೆಗಳನ್ನಷ್ಟೇ ಏರಿಸಿ ಊರಾಚೆಯ ಹುರುಳಿ ಹೊಲಕ್ಕೆ ಒಯ್ದ, ತಂದ. ಏನೂ ಆಗಲಿಲ್ಲ. ಸಪಾಟು ನೆಲದಲ್ಲಿ ಏನಾಗುತ್ತದೆ? ತಾನು ಮಾಡಿದ್ದೇ ಸರಿ ಎಂದುಕೊಂಡ. ಇಂಥ ಸಣ್ಣ ಗೆಲುವುಗಳೇ ಮನುಷ್ಯನನ್ನು ಹಳ್ಳಕ್ಕೆ ತಳ್ಳುವುದು.

ಒಂದು ಬೆಳಗ್ಗೆ ಎಲ್ಲ ಪೆಟ್ಟಿಗೆಗಳನ್ನೂ ಏರಿಸಿಕೊಂಡು ಬೆಟ್ಟ ಇಳಿಯಲು ಹೊರಟ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಭಾರ ಮುಂದಕ್ಕೆ ನೂಕುತ್ತಿತ್ತು. ಒಂದು ತಿರುವಿನಲ್ಲಿ ರಸ್ತೆ ಕಿತ್ತು ಹಳ್ಳವಾಗಿತ್ತು. ಜೀಪು ಹಳ್ಳ ಇಳಿಯಿತು, ಟ್ರೇಲರಿನ ಮೂಕಿ ಮೇಲೆದ್ದಿತು. ಬಟ್ಟಲು ಗುಂಡನ್ನು ಬಿಟ್ಟಿತು. ಕೂತಾಗ ಸದ್ದು ಮಾಡಿರಲಿಲ್ಲ, ಎದ್ದಾಗಲೂ ಮಾಡಲಿಲ್ಲ.

ಇಂಜಿನ್ ಸದ್ದಿನಲ್ಲಿ ಅವನಿಗೆ ತಿಳಿಯಲಿಲ್ಲ. ಜೀಪು ಹಗುರಾಯಿತು ಎನ್ನಿಸಿತು. ಕಷ್ಟದ ಇಳಿಜಾರು ಮುಗಿಯಿತು, ಅದಕ್ಕೇ ಹಗುರ ಎಂದುಕೊಂಡ. ಹಿಂದಿನಿಂದ ಮೊರೆತ ಕೇಳುತ್ತಿಲ್ಲ, ಹೆಣ್ಣುಮಕ್ಕಳು ಸುಖವಾಗಿ ಮಲಗಿದ್ದಾರೆ ಎಂದುಕೊಂಡ. ಹೆಂಡತಿ ಸತ್ತ ಮೇಲೆ ಅವನು ಅಷ್ಟು ಹಿಗ್ಗಿದ್ದು ಅದೇ ಮೊದಲು. ಬಯಲಿನವರೆಗೂ ಸಣ್ಣಗೆ ಶಿಳ್ಳೆ ಹಾಕಿಕೊಂಡು ಹೋದ.

ಹೊಲದ ಬದುವಿನಲ್ಲಿ ರೈತನೊಬ್ಬ ಕಾಯುತ್ತಿದ್ದ.

“ಬಾರಪ್ಪಾ, ಜೇನೆಲ್ಲಿ?” ಎಂದ ರೈತ.

ಅವನು ನಗುತ್ತಲೇ ತಿರುಗಿ ನೋಡಿದ.

ಗುರುಗಳು ಇಲ್ಲಿ ತಡೆದರು. ಗುರುಪಾದನಿಗೆ ಸಾಕೆನಿಸಿತ್ತು. ಮುಂದಿನದನ್ನು ಕೇಳದೆ ಎದ್ದು ಹೋಗಬಹುದಿತ್ತು. ಆದರೆ ಉತ್ತರ ಬೇಕೆಂದವನು ತಾನೇ. ಗುರುಗಳು ಅವನ ಮುಖ ನೋಡಿ ಮುಂದುವರಿಸಿದರು.

ಮತ್ತೆ ಬೆಟ್ಟ ಹತ್ತಿ ಬಂದಾಗ ಬಿಸಿಲೇರಿತ್ತು. ತಿರುವಿನ ಕೆಳಗೆ ಬಂಡೆಗಳ ಮೇಲೆ ಟ್ರೇಲರ್ ಮಗುಚಿ ಬಿದ್ದಿತ್ತು. ಪೆಟ್ಟಿಗೆಗಳು ಒಡೆದಿದ್ದವು. ಒಳಗಿನ ಮೇಣದ ಎರಿಗಳು ಜಜ್ಜಿಹೋಗಿ, ಜೇನು ಬಂಡೆಯ ಮೇಲೆ ಹರಿದು, ಸಾವಿರ ಸಾವಿರ ಹುಳುಗಳು ತಾವೇ ತಂದ ಜೇನಿನಲ್ಲಿ ಅಂಟಿ ಸತ್ತಿದ್ದವು. ಇರುವೆ ಆಗಲೇ ಸಾಲು ಹಿಡಿದಿತ್ತು. ಅವನು ಮಂಡಿಯೂರಿ ಎರಡೂ ಕೈಗಳಿಂದ ಎರಿಗಳನ್ನು ಬಿಡಿಸಿ ಬಿಡಿಸಿ ರಾಣಿಯನ್ನು ಹುಡುಕಿದ. ಒಂದು ರಾಣಿ ಸಿಕ್ಕಿದರೂ ಒಂದು ಗೂಡು ಉಳಿಯುತ್ತದೆ. ಒಂದು ಗೂಡು ಉಳಿದರೆ ವಂಶ ಉಳಿಯುತ್ತದೆ. ಸಿಕ್ಕವು. ಒಂದೊಂದಾಗಿ ಸಿಕ್ಕವು. ಒಂದರಲ್ಲೂ ಜೀವವಿರಲಿಲ್ಲ.

ಮೂಕಿಗೆ ಕಟ್ಟಿದ್ದ ಸರಪಳಿ ಕಟ್ಟಿದ ಹಾಗೆಯೇ ಇತ್ತು. ಸೀರೆಯ ಒಂದು ಎಳೆಯೂ ಹರಿದಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅವನಿಗೆ ಬುದ್ಧಿಯೂ ಬರಲಿಲ್ಲ. ನಾನು ಅಷ್ಟು ಮೆತ್ತಗೆ ನೋಡಿಕೊಂಡೆನಲ್ಲ, ಅಷ್ಟು ಮೆತ್ತಗೆ ನೋಡಿಕೊಂಡೆನಲ್ಲ ಎಂದು ಬಂಡೆಯ ಮೇಲೆ ಕೂತು ಅಳುತ್ತಿದ್ದ. ದಾರಿಹೋಕರು ನಿಂತು ನೋಡಿ ಹೋದರು.

ಸಂಜೆಯ ಹೊತ್ತಿಗೆ ಬದುಕುಳಿದ ಹುಳುಗಳು ಹಾರಿ ಬಂದು ಜೀಪಿನ ಹಿಂದಿನ ಆ ಗುಂಡಿಗೆ ಮುತ್ತಿಕೊಂಡವು. ಮೇಣದ ವಾಸನೆ ಅಲ್ಲಿತ್ತಲ್ಲ. ಅಲ್ಲಿ ರಾಣಿ ಇರಲಿಲ್ಲ, ಮರಿ ಇರಲಿಲ್ಲ, ಕಟ್ಟಲು ಗೂಡಿರಲಿಲ್ಲ. ಆದರೂ ಒಂದನ್ನೊಂದು ಹಿಡಿದುಕೊಂಡು ಜೋತುಬಿದ್ದವು. ರಾಣಿಯಿಲ್ಲದ ಹಿಂಡಿಗೆ ನಾಳೆಯಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಜೀಪನ್ನು ಅಲ್ಲಿಂದ ಕದಲಿಸಲಿಲ್ಲ. ಬೆಲ್ಲದ ನೀರು ತಂದಿಟ್ಟ. ದಿನ ಕಳೆದಂತೆ ಕೆಳಗಿನ ಮಣ್ಣಿನ ಮೇಲೆ ಹುಳುಗಳು ಉದುರಿದವು, ಗುಂಡಿನ ಕಬ್ಬಿಣ ಕಾಣತೊಡಗಿತು. ಕೊನೆಯ ಹುಳ ಉದುರಿದ ದಿನ ಅವನು ಜೀಪನ್ನೂ ಅಲ್ಲಿಯೇ ಬಿಟ್ಟು ಎದ್ದು ನಡೆದ. ಬೆಟ್ಟಕ್ಕೂ ಹೋಗಲಿಲ್ಲ, ಬಯಲಿಗೂ ಬರಲಿಲ್ಲ. ಅವನನ್ನು ಕಂಡವರಿಲ್ಲ.

ಕತೆ ನಿಂತಿತು. ಗುರುಪಾದ ತಲೆ ತಗ್ಗಿಸಿದ್ದ. ಅವನ ಕಣ್ಣ ಮುಂದೆ ಇದ್ದದ್ದು ಹೊನ್ನೂರಪ್ಪ. ಒಂದು ಸಂಜೆ ಹೊನ್ನೂರಪ್ಪ ಹೊರಗಿನಿಂದ ಬಂದು ಪಂಕ್ತಿಯಲ್ಲಿ ಕೂತಾಗ ಬಾಯಿ ಹೆಂಡ ನಾರುತ್ತಿತ್ತು. ಗುರುಪಾದನಿಗೆ ತಿಳಿದಿತ್ತು. ಕೇಳಿದರೆ ಅವನು ಕೂಗಾಡುತ್ತಾನೆ, ಅಳುತ್ತಾನೆ, ತನ್ನನ್ನು ಬೈಯುತ್ತಾನೆ ಎಂದು ಹೆದರಿ, ಮುಖ ಆಚೆ ತಿರುಗಿಸಿ, ಅವನ ಲೋಟಕ್ಕೆ ಮಜ್ಜಿಗೆ ಹೊಯ್ದಿದ್ದ. ಹೊನ್ನೂರಪ್ಪ ಅವನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದ. ಏನನ್ನೋ ಕಾಯುತ್ತಿದ್ದವನಂತೆ ಕೂತಿದ್ದ. ಆಮೇಲೆ ಮಜ್ಜಿಗೆ ಕುಡಿದು ಎದ್ದು ಹೋಗಿದ್ದ. ಅಲ್ಲಿಂದಾಚೆಗೆ ಪ್ರತಿ ಸಂಜೆಯೂ ಬಾಯಿ ನಾರಿತು, ಪ್ರತಿ ಸಂಜೆಯೂ ಮಜ್ಜಿಗೆ ಸಿಕ್ಕಿತು.

ಗುರುಪಾದ ತಲೆಯೆತ್ತಿ ಕೇಳಿದ.

“ಗುರುಗಳೇ, ಏನೇ ಆಗಲಿ, ಅವನು ಹಾಗೆ ಮಾಡಿದ್ದು ಜೇನಿನ ಮೇಲಿನ ಕರುಣೆಯಿಂದ ತಾನೇ?”

ಗುರುಗಳು ಬೀಗದ ಕೈಯನ್ನು ಅವನ ಕಡೆಗೆ ಸರಿಸಿದರು.

“ಆ ಪೆಟ್ಟನ್ನು ಜೇನು ತಾಳುತ್ತಿತ್ತು, ತಾಳದೆ ಹೋದವನು ಅವನು.”