ಬೆನ್ನಿಗೆ ಹತ್ತಿದ ಮಣ್ಣು

“ಗುರುಗಳೇ, ಪರೀಕ್ಷಕರು ಪ್ರಾಮಾಣಿಕರಾಗಿದ್ದರೆ ಅವರು ಕೊಟ್ಟ ಸ್ಥಾನವೂ ನ್ಯಾಯವಾದದ್ದೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಅವನು ವಿದ್ವತ್ಸಭೆಯಲ್ಲಿ ಮೊದಲ ಸ್ಥಾನ ಪಡೆದು ಹಿಂದಿನ ದಿನವಷ್ಟೇ ಮಠಕ್ಕೆ ಮರಳಿದ್ದ. ಸಭೆಯವರು ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿತ್ತು. “ನನ್ನೆದುರು ಕೂತವನು ಯಾವುದೋ ಸಣ್ಣ ಊರಿನ ಪಾಠಶಾಲೆಯವನು. ಒಳ್ಳೆಯವನೇ. ಸಭೆಗೆ ಮೊದಲು ಜೊತೆಯಲ್ಲಿ ಉಂಡೆವು. ನಾನು ಸೋತರೆ ನಮ್ಮ ಮಠಕ್ಕೆ ಬರುವ ಅಕ್ಕಿ ನಿಲ್ಲುತ್ತದೆಂಬ ಭಯವನ್ನೂ ಅವನಲ್ಲಿ ಹೇಳಿಕೊಂಡಿದ್ದೆ. ಕೊನೆಯ ಪ್ರಶ್ನೆಗೆ ಅವನಿಗೆ ಉತ್ತರ ತೋಚಲಿಲ್ಲ. ಈಗ ಅವನ ಊರಿನವರು ಅನ್ಯಾಯವಾಯಿತು ಅನ್ನುತ್ತಿದ್ದಾರಂತೆ.”

ಗುರುಗಳು ಶಾಲನ್ನೊಮ್ಮೆ ನೋಡಿ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಕುಸ್ತಿ ಬಲ್ಲ ಹಿರಿಯರಿದ್ದರು. ಸೀಮೆಯ ಪೈಲ್ವಾನರಲ್ಲಿ ಇವನು ಮೊದಲನೆಯವನು, ಇವನು ಎರಡನೆಯವನು ಎಂದು ಪ್ರತಿವರ್ಷ ಸಾಲು ಹಚ್ಚುವುದು ಅವರ ಕೆಲಸ. ಸಾಲಿನಲ್ಲಿದ್ದವರ ಗರಡಿಗೆ ಮಾತ್ರ ಅರಮನೆಯ ಹಾಲು ತುಪ್ಪ. ಹಿರಿಯರು ಲಂಚ ಮುಟ್ಟಿದವರಲ್ಲ. ಹೊಳೆ ದಾಟಿ ಆಚೆ ಹೋಗಿ ನೋಡುವ ಅಭ್ಯಾಸವೊಂದು ಅವರಿಗಿರಲಿಲ್ಲ.

ಹೊಳೆಯಾಚೆ ಒಬ್ಬ ಉಪ್ಪು ಮಾರುವವನಿದ್ದ. ಕುಸ್ತಿಯಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ತನ್ನನ್ನೂ ಸಾಲಿಗೆ ಸೇರಿಸಬೇಕೆಂದು ಅವನು ಹಿರಿಯರ ಮುಂದೆ ಬಂದು ಕೈಮುಗಿದು ನಿಂತ.

“ಸೋತಿಲ್ಲ, ಸರಿ. ಆದರೆ ಗೆದ್ದದ್ದು ಯಾರನ್ನಪ್ಪಾ? ಹೊಳೆಯಾಚೆಯವರನ್ನು ತಾನೇ?”

“ಈಚೆಯವರು ಯಾರೂ ಕುಸ್ತಿಯಲ್ಲಿ ನನಗೆ ಜೋಡಿಯಾಗಲು ಒಪ್ಪುವುದಿಲ್ಲ, ಸ್ವಾಮಿ.”

“ಅದಕ್ಕೆ ನಾವೇನು ಮಾಡೋಣ?”

ಅವನನ್ನು ಗೆದ್ದರೆ ಹೆಸರು ಬರುವುದಿಲ್ಲ, ಸೋತರೆ ಇದ್ದ ಹೆಸರೂ ಉಳಿಯುವುದಿಲ್ಲ. ಅಂಥ ಕುಸ್ತಿಗೆ ಯಾರು ತಾನೇ ಲಂಗೋಟಿ ಬಿಗಿಯುತ್ತಾರೆ? ಕೊನೆಗೆ ಒಬ್ಬ ಕುಂಬಾರ ಒಪ್ಪಿದ. ಸಾಲಿನಲ್ಲಿ ಎರಡನೆಯವನು ಅವನು. ಸೋಲದವನನ್ನು ಹೊರಗೆ ನಿಲ್ಲಿಸಿ ತಾನು ಒಳಗಿರುವುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಉಪ್ಪಿನವನು ಅವನನ್ನು ಚಿತ್ ಮಾಡಿದ.

ಹಿರಿಯರು ಕೂತು ಬಹಳ ಹೊತ್ತು ಯೋಚಿಸಿದರು. “ಇಂಥವನ ಕೈಯಲ್ಲಿ ಸೋತ ಮೇಲೆ, ಕುಂಬಾರನನ್ನು ನಾವೇ ಅತಿಯಾಗಿ ಎಣಿಸಿದ್ದೆವು ಅಂತಾಯಿತು” ಎಂದರು. ಕುಂಬಾರನನ್ನು ಸಾಲಿನಿಂದ ತೆಗೆದರು. ಉಪ್ಪಿನವನು ಇದ್ದಲ್ಲೇ ಇದ್ದ.

ಕುಂಬಾರನ ಗರಡಿಗೆ ಹಾಲು ತುಪ್ಪ ನಿಂತಿತು. ಹುಡುಗರು ಬೇರೆ ಗರಡಿ ಹಿಡಿದರು. ಬಾಗಿಲು ಮುಚ್ಚಿತು. ಉಪ್ಪಿನವನು ಆ ದಾರಿಯಲ್ಲಿ ಬಂದಾಗ ಕುಂಬಾರ ಅವನನ್ನು ಕರೆದು ಕೂರಿಸಿ ನೀರು ಕೊಟ್ಟ, ಒಂದು ಮಾತೂ ಆಡಿಕೊಳ್ಳಲಿಲ್ಲ. ಬೈದಿದ್ದರೆ ಉಪ್ಪಿನವನಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುವರ್ಷ ಜನ ಪಟ್ಟು ಹಿಡಿದರು. ಸಾಲಿನ ಮೊದಲನೆಯವನೇ ಅಖಾಡಕ್ಕೆ ಇಳಿಯಬೇಕಾಯಿತು. ಉಪ್ಪಿನವನು ಅವನ ಸೊಂಟ ಹಿಡಿದು ಎತ್ತಿದ. ನೆಲಕ್ಕೆ ಹಾಕುವುದೊಂದೇ ಬಾಕಿ. ಆಗ ಸುತ್ತ ಕೂತಿದ್ದ ಎದುರಾಳಿಯ ಗರಡಿಯ ಹುಡುಗರು ಅವನ ಕಣ್ಣಿಗೆ ಬಿದ್ದರು. ತಾನು ಗೆದ್ದರೂ ತನಗೆ ಜಾಗವಿಲ್ಲ, ಇನ್ನೊಂದು ಬಾಗಿಲು ಮುಚ್ಚುತ್ತದೆ, ಅಷ್ಟೆ. ಅವನಿಗೆ ದುಃಖ ಉಕ್ಕಿಬಂತು. ಹಿಡಿತ ಸಡಿಲಿಸಿದ. ಮರುಕ್ಷಣ ಅವನ ಬೆನ್ನಿಗೆ ಮಣ್ಣು ಹತ್ತಿತು.

“ನಾವು ಅಂದದ್ದು ಸುಳ್ಳಾಯಿತೇ?” ಎನ್ನುತ್ತ ಹಿರಿಯರು ಎದ್ದರು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಏನು ನಡೆಯಿತೆಂಬುದು ಗೆದ್ದವನೊಬ್ಬನಿಗೆ ಗೊತ್ತಿತ್ತು. ಅವನು ಹಾರಕ್ಕೆ ಕೊರಳೊಡ್ಡಿದ. ಉಪ್ಪಿನವನು ಮೈಯ ಮಣ್ಣನ್ನೂ ಒರೆಸಿಕೊಳ್ಳದೆ ಹೊಳೆ ದಾಟಿ ಹೋದ. ಮತ್ತೆಂದೂ ಕುಸ್ತಿಗೆ ಇಳಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. “ಗೆದ್ದವನಾದರೂ ಬಾಯಿ ಬಿಡಬಹುದಿತ್ತು” ಎಂದ.

ಗುರುಗಳು ಕೇಳಿದರು: “ಕೊನೆಯ ಪ್ರಶ್ನೆಗೆ ಅವನಿಗೆ ಉತ್ತರ ತೋಚಲಿಲ್ಲವೆಂದು ನಿನಗೆ ಹೇಳಿದವರು ಯಾರು?”

ಶಿಷ್ಯ ಹೆಗಲ ಮೇಲಿನ ಶಾಲನ್ನು ತೆಗೆದು ಕೆಳಗಿಟ್ಟ.