ಉಪದೇಶಿಗುಂಡು

ಸೂಸೆದೊಡ್ಡಿಯ ಮೂಡಲಿಗೆ, ಹುರುಳಿ ಹೊಲಗಳು ಮುಗಿದು ಕುರುಚಲು ಕಾಡು ಮೊದಲಾಗುವಲ್ಲಿ, ಆನೆ ಮಲಗಿದಂಥ ಒಂದು ದೊಡ್ಡ ಬಂಡೆಯಿದೆ. ಅದರ ನೆತ್ತಿ ಚಪ್ಪಟೆಯಾಗಿದ್ದು ಇಪ್ಪತ್ತು ಜನ ಆರಾಮಾಗಿ ಕೂರಬಹುದು. ಊರಿನ ಕ್ರೈಸ್ತರು ಅದನ್ನು ಉಪದೇಶಿಗುಂಡು ಎನ್ನುತ್ತಾರೆ. ಹೆಸರು ಕೇಳಿದ ಪರಸ್ಥಳದವರು, ಯಾರೋ ಮಹಾತ್ಮರು ಇದರ ಮೇಲೆ ನಿಂತು ಬೋಧನೆ ಮಾಡಿರಬೇಕೆಂದು ಕೈಮುಗಿಯುತ್ತಾರೆ. ಅದು ತಪ್ಪು. ಈ ಬಂಡೆಯ ಮೇಲೆ ಯಾವ ಉಪದೇಶಿಯೂ ಒಂದು ಮಾತನ್ನೂ ಬೋಧಿಸಿದ್ದಿಲ್ಲ.

ಹಿಂದೆ ಒಮ್ಮೆ, ಚರ್ಚಿಗೆ ಇನ್ನೂ ಹುಲ್ಲಿನ ಸೂರಿದ್ದ ಕಾಲದಲ್ಲಿ, ಇಲ್ಲಿ ಇನ್ನಾಸಪ್ಪನೆಂಬ ಉಪದೇಶಿಯಿದ್ದ. ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಕುದುರೆಯೇರಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಯಾರ ಹಿತ್ತಲಲ್ಲಿ ಹಳೆಯ ದೇವರಿಗೆ ಗುಟ್ಟಾಗಿ ಕೋಳಿ ಕುಯ್ದರೆಂದು ಪತ್ತೆಹಚ್ಚುವುದು, ಎಲ್ಲವೂ ಅವನದೇ. ಕೊನೆಯ ಕೆಲಸದಲ್ಲಂತೂ ಅವನು ನಿಸ್ಸೀಮ. ಉಪದೇಶಿ ಸಾರಿನ ವಾಸನೆಯಲ್ಲೇ ಸುಳ್ಳು ಹಿಡಿಯುತ್ತಾನೆಂದು ಹೆಂಗಸರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರಂತೆ. ಜನರ ಮೇಲಿನ ಈ ಅನುಮಾನವನ್ನೇ ಅವನು ತನ್ನ ಭಕ್ತಿಯೆಂದು ತಿಳಿದಿದ್ದ.

ಆ ಊರಿನಲ್ಲಿ ಈಚಲು ಚಾಪೆ ಹೆಣೆದು ಬದುಕುತ್ತಿದ್ದ ಸಗಾಯಮ್ಮನೆಂಬ ವಿಧವೆ ಇದ್ದಳು. ಒಬ್ಬಳೇ ಮಗಳು ಸಿಡುಬಿನಲ್ಲಿ ತೀರಿಕೊಂಡ ಮೇಲೂ ಅವಳು ಚರ್ಚಿಗೆ ಬರುತ್ತಿದ್ದಳು, ಆದರೆ ಜಪಕ್ಕೆ ತುಟಿ ಅಲ್ಲಾಡಿಸುತ್ತಿರಲಿಲ್ಲ. ದಿನವೂ ನಸುಕಿನಲ್ಲಿ ಕಂಕುಳಲ್ಲಿ ಚಾಪೆ ಇರುಕಿಕೊಂಡು ಬಂಡೆ ಹತ್ತುತ್ತಿದ್ದಳು. ಒಂದು ಚಾಪೆಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ, ಎರಡಿದ್ದವು. ಊರಿನ ಯಜಮಾನ ಚೌರಪ್ಪ ಉಪದೇಶಿಯನ್ನು ಕರೆಸಿ, ಎರಡನೆಯ ಚಾಪೆ ಯಾರಿಗೆಂದು ನೋಡಿಕೊಂಡು ಬಾ ಎಂದ. ತಪ್ಪು ಕಂಡರೆ ಅವಳನ್ನು ಚರ್ಚಿನಿಂದಲೂ ಊರಿನಿಂದಲೂ ಹೊರಗಿಡುವುದೆಂದು ತೀರ್ಮಾನವಾಗಿತ್ತು.

ಇನ್ನಾಸಪ್ಪ ಮೂರು ಬೆಳಗು ಲಂಟಾನದ ಪೊದೆಯಲ್ಲಿ ಅಡಗಿ ಕೂತ. ಅವಳು ಎರಡೂ ಚಾಪೆ ಹಾಸುತ್ತಿದ್ದಳು. ಒಂದರ ಮೇಲೆ ತಾನು ಕೂತು, ಇನ್ನೊಂದರ ಮೇಲೆ ಬಿದ್ದ ತರಗೆಲೆಯನ್ನು ಆಗಾಗ ಸೆರಗಿನಿಂದ ಗುಡಿಸುತ್ತಿದ್ದಳು. ಬಿಸಿಲೇರಿದ ಮೇಲೆ ಸುತ್ತಿಕೊಂಡು ಇಳಿಯುತ್ತಿದ್ದಳು. ಯಾರೂ ಬರಲಿಲ್ಲ. ತಾನು ಅಡಗಿರುವುದು ತಿಳಿದೇ ಇವಳು ನಾಟಕವಾಡುತ್ತಿದ್ದಾಳೆ ಎನಿಸಿ ಮೂರನೆಯ ದಿನ ಅವನು ರೇಗಿ ಹೊರಗೆ ಬಂದ.

"ಯಾರಿಗಮ್ಮ ಆ ಚಾಪೆ? ನಿಜ ಹೇಳು."

"ಯೇಸುಸ್ವಾಮಿಗೆ," ಎಂದಳು ಸಗಾಯಮ್ಮ. "ತಟ್ಟಿದರೆ ಬಾಗಿಲು ತೆರೆಯುತ್ತೆ ಅಂತ ನೀವೇ ಹೇಳಿಕೊಟ್ರಿ, ಉಪದೇಶಿಗಳೇ. ತಟ್ಟಿ ತಟ್ಟಿ ನನ್ನ ಕೈ ಸೋತುಹೋಯ್ತು. ಅದಕ್ಕೆ ನಾನೇ ಬಾಗಿಲು ತೆಕ್ಕೊಂಡು ಕೂತಿದ್ದೀನಿ."

"ಬಂದಿದ್ದಾರಾ?"

"ಇಲ್ಲ. ಏಳು ವರ್ಷ ಆಯ್ತು."

ಬಂದಿದ್ದಾರೆ ಎಂದಿದ್ದರೆ ಅವನಿಗೆ ಸುಲಭವಿತ್ತು. ಸೈತಾನನ ಮೋಸವೆಂದುಬಿಡುತ್ತಿದ್ದ. ಆದರೆ ಇಲ್ಲ ಎನ್ನುವ ಸುಳ್ಳನ್ನು ಯಾರು ತಾನೆ, ಯಾತಕ್ಕಾಗಿ ಹೇಳುತ್ತಾರೆ? ಇಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದವನು ಅಂದು ಮೊದಲ ಸಲ ತನ್ನನ್ನೇ ಅನುಮಾನಿಸಿದ.

ಪೂಜೆಯ ಭಾನುವಾರ ಸ್ವಾಮಿಗಳ ಎದುರಿಗೇ ವಿಚಾರಣೆಯಾಯಿತು. ಸಗಾಯಮ್ಮ ಬಾಗಿಲ ಬಳಿ ತಲೆ ತಗ್ಗಿಸದೆ ನಿಂತಿದ್ದಳು. ಇನ್ನಾಸಪ್ಪ ಶಿಲುಬೆ ಮುಟ್ಟಿ, "ಯಾರೂ ಬರಲಿಲ್ಲ. ಯೇಸುಸ್ವಾಮಿಯೂ ಬರಲಿಲ್ಲ. ಇವಳು ಕಾಯ್ತಾ ಇದ್ದಾಳೆ, ಅಷ್ಟೇ," ಎಂದ. ಜನ ಗುಸುಗುಸು ಎಂದರು. ಸ್ವಾಮಿಗಳು ಹುಬ್ಬುಗಂಟಿಕ್ಕಿ, "ನಿನ್ನ ಹತ್ತಿರ ಬಂದಿದ್ದಾರೋ?" ಎಂದು ಕೇಳಿದರು. ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇನ್ನಾಸಪ್ಪ ಶಿಲುಬೆಯಿಂದ ಕೈ ತೆಗೆಯದೆ, "ಗೊತ್ತಿಲ್ಲ ಸ್ವಾಮಿ. ಯಾರೋ ಕಲಿಸಿದ್ದನ್ನ ಇಪ್ಪತ್ತು ವರ್ಷ ಒಪ್ಪಿಸಿಕೊಂಡು ಬಂದೆ. ನಾನು ಯಾವತ್ತೂ ಕಾಯಲೇ ಇಲ್ಲ," ಎಂದ.

ಅಂದೇ ಅವನ ಉಪದೇಶಿತನ ಹೋಯಿತು. ತಪ್ಪೇನೂ ಸಿಗದೆ ಸಗಾಯಮ್ಮ ಮಾತ್ರ ಊರಲ್ಲೇ ಉಳಿದಳು. ಮರುದಿನ ಅವನೂ ಒಂದು ಚಾಪೆ ಹಿಡಿದು ಬಂಡೆ ಹತ್ತಿದ. ಅವಳು ಖಾಲಿ ಚಾಪೆಯನ್ನು ನಡುವಿಗೆ ಎಳೆದಳು. ಊರು ಈಗ ಇಬ್ಬರನ್ನೂ ಶಂಕಿಸಿತು. ಒಂದು ಬೆಳಿಗ್ಗೆ ಚೌರಪ್ಪನೇ ದೊಣ್ಣೆ ಹಿಡಿದು ಹೋದ. ಆಚೆಗೊಬ್ಬಳು, ಈಚೆಗೊಬ್ಬ, ಇಬ್ಬರೂ ಮೂಡಲಿಗೆ ಮುಖಮಾಡಿ ಕೂತಿದ್ದರು. ಹೊತ್ತು ನೆತ್ತಿಗೆ ಬಂದಾಗ ಹಿಂತಿರುಗಿದ ಯಜಮಾನನನ್ನು ಏನು ಕಂಡಿರೆಂದು ಜನ ಕೇಳಿದರು. "ಖಾಲಿ ಚಾಪೆ. ಆದ್ರೆ ಯಾಕೋ ಎದ್ದು ಬರೋಕೆ ಮನಸ್ಸಾಗಲಿಲ್ಲ," ಎಂದನಂತೆ.

ಸಗಾಯಮ್ಮ ತೀರಿಕೊಂಡ ಮೇಲೂ ಒಂಬತ್ತು ವರ್ಷ ಇನ್ನಾಸಪ್ಪ ಚಾಪೆ ಹಾಸಿದ. ಕೊನೆಯ ಬೆಳಿಗ್ಗೆ ಅವನು ಪಕ್ಕಕ್ಕೆ ತಿರುಗಿ ಯಾರೊಂದಿಗೋ ಮಾತಾಡಿ ನಗುತ್ತಿದ್ದುದನ್ನು ಕುರುಬನೊಬ್ಬ ಕಂಡನೆನ್ನುತ್ತಾರೆ. ಇನ್ನಾಸಪ್ಪ ಬದುಕಿದ್ದರೆ ಮೊದಲು ಆ ಕುರುಬನನ್ನೇ ಅನುಮಾನಿಸುತ್ತಿದ್ದನೇನೋ.

ಇಂದಿಗೂ ಬಂಡೆಯ ಮೇಲೆ ಶಿಲುಬೆಯಿಲ್ಲ, ಸಂತರ ಸುರೂಪದ ಪ್ರತಿಮೆಯಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಬೆಳಗುಗಳಲ್ಲಿ ಜನ ಹತ್ತಿ ಬಂದು ಅಲ್ಲಲ್ಲಿ ಕೂರುತ್ತಾರೆ. ಯಾರೂ ಯಾರಿಗೂ ಜಪ ಹೇಳಿಸುವುದಿಲ್ಲ. ಇದೆಲ್ಲ ಕಟ್ಟುಕತೆಯೆಂದು ಪರೀಕ್ಷಿಸಲು ಬಂದವರೂ ಅವರ ನಡುವೆ ಇರುತ್ತಾರೆ. ಕಲ್ಲು ಕಾದು ಕೂರಲಾಗದಾದಾಗ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಕೊನೆಗೆ ಇಳಿಯುವವರು ಹೆಚ್ಚಾಗಿ ಪರೀಕ್ಷಿಸಲು ಬಂದವರೇ.